ಮಗಳ ವಿಜ್ಞಾನ ಮಾದರಿಯನ್ನು ನಾನೇ ಮಾಡಿಕೊಟ್ಟರೆ ಮೋಸವೇ?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನ ರೈತ. ಎರಡು ಎಕರೆಯಲ್ಲಿ ಟೊಮೆಟೊ ಬೆಳೆಯುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ, ಅದರಲ್ಲೂ ವಿಜ್ಞಾನ ತಲೆಗೆ ಹತ್ತಲಿಲ್ಲ. ಮಗಳು ಕೋಲಾರದ ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ, ಇಂಗ್ಲಿಷ್ ಮಾಧ್ಯಮ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಎಲ್ಲ ಮಕ್ಕಳೂ ವರ್ಕಿಂಗ್ ಮಾಡೆಲ್ ತರಬೇಕಂತೆ. ಅವಳ ತರಗತಿಯ ಹುಡುಗನೊಬ್ಬನಿಗೆ ಬ್ಯಾಂಕಿನಲ್ಲಿರುವ ಅವನ ತಂದೆ ಸಿರಿಂಜುಗಳಿಂದ ಕೈ ಎತ್ತಿ ಇಳಿಸುವ ಜೆಸಿಬಿ ಮಾಡಿಕೊಟ್ಟಿದ್ದಾರೆ. ಅಂಗಡಿಯಲ್ಲಿ ಜ್ವಾಲಾಮುಖಿಯ ಸಿದ್ಧ ಮಾದರಿಗೆ 1,200 ರೂಪಾಯಿ ಕೇಳಿದರು. ಕೊನೆಗೆ ಥರ್ಮಾಕೋಲ್ ತಂದು, ಮಳೆನೀರು ಕೊಯ್ಲಿನ ಮನೆಯೊಂದನ್ನು ರಾತ್ರಿ ಕುಳಿತು ನಾನೇ ಮಾಡಿದೆ. ಮಗಳು ಗೋಂದಿನ ಮುಚ್ಚಳ ಹಿಡಿದುಕೊಂಡೇ ಪಕ್ಕದಲ್ಲಿ ನಿದ್ದೆಹೋದಳು. ಬೆಳಗ್ಗೆ ನೋಡಿ, ‘ಚೆನ್ನಾಗಿದೆ ಅಪ್ಪ, ಆದರೆ ಮಿಸ್ ಏನಾದರೂ ಕೇಳಿದರೆ ನಾನೇನು ಹೇಳಲಿ?’ ಎಂದಳು. ಅವಳು ನನ್ನನ್ನು ಕೇಳುವುದೆಲ್ಲ ತೋಟದ ಪ್ರಶ್ನೆಗಳನ್ನೇ. ಹೋದ ಏಪ್ರಿಲ್‌ನಲ್ಲಿ ಹಣ್ಣು ಕೆಂಪಾಗದೆ ಹಳದಿಯಲ್ಲೇ ನಿಂತು ಹರಾಜಿನಲ್ಲಿ ಬೆಲೆ ಬಿದ್ದಾಗ, ‘ಏಕೆ ಹೀಗೆ?’ ಎಂದಿದ್ದಳು. ‘ಬಿಸಿಲಿಗೆ’ ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ನಾನು ಮಾಡಿಕೊಟ್ಟದ್ದು ಮೋಸವೇ? ಮಾಡಿಕೊಡದಿದ್ದರೆ ಅವಳಿಗೆ ಅವಮಾನವಾಗುವುದಿಲ್ಲವೇ? ನನ್ನಂಥವನು ಏನು ಮಾಡಬೇಕು? ಇನ್ನು ಮೂರು ವಾರ ಇದೆ.

ಉತ್ತರ: ಮೋಸ ಎಂಬುದು ದೊಡ್ಡ ಮಾತಾಯಿತು. ಮಗುವಿನ ಜೊತೆ ಕುಳಿತು ಕತ್ತರಿಸುವುದು, ಅಂಟಿಸುವುದು, ಸಾಮಾನು ಹುಡುಕಲು ಪೇಟೆಗೆ ಹೋಗುವುದು ಯಾವುದೂ ತಪ್ಪಲ್ಲ. ಅಪ್ಪ ಮಾಡಿದ್ದನ್ನು ಮಗಳು ‘ನಾನೇ ಮಾಡಿದೆ’ ಎಂದು ಹೇಳಬೇಕಾಗಿ ಬಂದಾಗ ತೊಡಕು ಶುರುವಾಗುತ್ತದೆ. ನಿಮ್ಮ ಮಗಳು ಅದನ್ನು ಬೆಳಗ್ಗೆಯೇ ಗುರುತಿಸಿದ್ದಾಳೆ. ಮಾದರಿ ಚೆನ್ನಾಗಿಲ್ಲ ಎಂದು ಅವಳು ಹೇಳಲಿಲ್ಲ. ಕೇಳಿದರೆ ಹೇಳಲು ತನ್ನ ಬಳಿ ಏನೂ ಇಲ್ಲ ಎಂದಳು. ನೀವು ಅಂಜುತ್ತಿರುವ ಅವಮಾನ ಮಾದರಿ ಸಾದಾ ಆಗಿದ್ದರೆ ಬರುವುದಿಲ್ಲ. ಮಾದರಿಯ ಮುಂದೆ ಬಾಯಿ ಕಟ್ಟಿದಾಗ ಬರುತ್ತದೆ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೂ ಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋಗುತ್ತಿರುತ್ತೇನೆ. ಅಲ್ಲಿ ನಾನು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ‘ಇದರಲ್ಲಿ ಏನನ್ನು ಬದಲಾಯಿಸಿ ನೋಡಿದೆ? ಆಗ ಏನಾಯಿತು?’ ಸಿರಿಂಜಿನ ಜೆಸಿಬಿಯ ಹುಡುಗ ಪ್ಯಾಸ್ಕಲ್ ನಿಯಮವನ್ನು ಇಂಗ್ಲಿಷಿನಲ್ಲಿ ಉಸಿರುಬಿಡದೆ ಒಪ್ಪಿಸುತ್ತಾನೆ. ಒತ್ತುವ ಕಡೆಯ ಸಣ್ಣ ಸಿರಿಂಜಿನ ಜಾಗಕ್ಕೆ ದಪ್ಪ ಸಿರಿಂಜು ಹಾಕಿದರೆ ಕೈ ಬೇಗ ಏಳುತ್ತದೆಯೋ ನಿಧಾನವಾಗಿಯೋ ಎಂದು ಕೇಳಿದರೆ ಹಿಂದೆ ನಿಂತ ಅಪ್ಪನ ಮುಖ ನೋಡುತ್ತಾನೆ. ಅಪ್ಪ ಉತ್ತರ ಕೊಡಲು ಬಾಯಿ ತೆರೆಯುತ್ತಾರೆ. ಹುಡುಗನ ತಪ್ಪೇನೂ ಇಲ್ಲ. ಆ ಸಿರಿಂಜನ್ನು ಒತ್ತಿ ನೋಡಿ, ನೀರು ಸೋರಿ, ಮತ್ತೆ ಕಟ್ಟಿ ಖುಷಿಪಡುವ ಅವಕಾಶವೇ ಅವನಿಗೆ ಸಿಗಲಿಲ್ಲ.

ಹೀಗೇಕೆ ಆಗುತ್ತದೆ? ಪೋಷಕರನ್ನೇ ದೂರಿ ಪ್ರಯೋಜನವಿಲ್ಲ. ಪ್ರದರ್ಶನದ ಸೂಚನೆ ತಡವಾಗಿ ಬರುತ್ತದೆ. ಪಾಠ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕಿಗೆ ನಲವತ್ತು ಮಕ್ಕಳ ಜೊತೆ ಒಬ್ಬೊಬ್ಬರಾಗಿ ಕುಳಿತು ಪ್ರಶ್ನೆ ಹುಡುಕಲು ಬಿಡುವಿರುವುದಿಲ್ಲ. ಅತಿಥಿಗಳು ಬರುವ ದಿನ ಮೇಜಿನ ಮೇಲೆ ದೀಪ ಮಿನುಗುವ, ಚಕ್ರ ತಿರುಗುವ ವಸ್ತು ಇದ್ದರೆ ಶಾಲೆಗೆ ಶೋಭೆ. ಅದನ್ನು ಹದಿಮೂರು ವರ್ಷದ ಮಕ್ಕಳ ಕೈ ಮಾಡಲಾರದು, ಹಾಗಾಗಿ ಕೆಲಸ ಮನೆಗೆ ಬರುತ್ತದೆ. ಮನೆಯಲ್ಲಿ ಪುರಸೊತ್ತಿಲ್ಲದಿದ್ದರೆ ಅಂಗಡಿಗೆ ಹೋಗುತ್ತದೆ. ಪ್ರದರ್ಶನದ ತಿಂಗಳು ಬಂತೆಂದರೆ ಪುಸ್ತಕದಂಗಡಿಗಳು ಸಿದ್ಧ ಮಾದರಿಗಳನ್ನು ಬಾಗಿಲಲ್ಲೇ ಜೋಡಿಸಿಡುವುದು ಇದನ್ನು ಬಲ್ಲದ್ದರಿಂದಲೇ.

ವರ್ಕಿಂಗ್ ಮಾಡೆಲ್ ಎಂದರೆ ಮೋಟರು, ಬಲ್ಬು ಇರಬೇಕೆಂಬುದು ದೊಡ್ಡ ತಪ್ಪುಕಲ್ಪನೆ. ಹತ್ತು ಹಣ್ಣು, ಒಂದು ಉಷ್ಣಮಾಪಕ, ದಿನವೂ ಬರೆದಿಟ್ಟ ಒಂದು ನೋಟ್‌ಪುಸ್ತಕ ಇವೂ ಕೆಲಸ ಮಾಡುವ ವಸ್ತುಗಳೇ. ಆ ಜ್ವಾಲಾಮುಖಿಯ ವಿಷಯಕ್ಕೆ ಬಂದರೆ, ಅಡುಗೆ ಸೋಡಾಕ್ಕೆ ವಿನಿಗರ್ ಹಾಕಿದಾಗ ಉಕ್ಕುವುದು ಇಂಗಾಲದ ಡೈಆಕ್ಸೈಡ್. ಕರಗಿದ ಬಂಡೆ ಭೂಮಿಯೊಳಗಿನಿಂದ ಮೇಲೆ ಬರುವುದಕ್ಕೂ ಆ ನೊರೆಗೂ ನೆಂಟಸ್ತಿಕೆಯೇ ಇಲ್ಲ. ನಮ್ಮ ಜಿಲ್ಲೆಯ ಮಕ್ಕಳಿಗೆ ಆ ಆಟಿಕೆ ಏಕೆ ಬೇಕೋ ನನಗೆ ತಿಳಿಯದು. ಕೋಲಾರದ ಚಿನ್ನದ ಗಣಿಗಳನ್ನು ತೋಡಿದ ಕಪ್ಪು ಶಿಲೆಯೇ ಸುಮಾರು 270 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದು, ಆಮೇಲೆ ಶಾಖ, ಒತ್ತಡಗಳಿಂದ ರೂಪ ಬದಲಿಸಿದ್ದು. ಕೆಜಿಎಫ್ ಸೀಮೆಯಲ್ಲಿ ಅಂಥ ಶಿಲೆಗಳಿರುವ ಜಾಗವೊಂದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1,200 ರೂಪಾಯಿಗಿಂತ ಕಡಿಮೆ ಖರ್ಚಿನಲ್ಲಿ ಬಸ್ಸಿನಲ್ಲಿ ಹೋಗಿ ಕೆಜಿಎಫ್ ನೋಡಿಕೊಂಡು ಬರಬಹುದು.

ಇನ್ನು ‘ನನ್ನಂಥವನು’ ಎಂಬ ನಿಮ್ಮ ಮಾತು. ಹಣ್ಣು ಹಳದಿಯಲ್ಲೇ ನಿಂತದ್ದನ್ನು ನೋಡಿದವರು ನೀವು. ಯಾವ ತಿಂಗಳಲ್ಲಿ ಎಂಬುದೂ ನಿಮಗೆ ಗೊತ್ತು. ಬೆಲೆ ಎಷ್ಟು ಬಿತ್ತು ಎಂಬ ಲೆಕ್ಕವೂ ನಿಮ್ಮ ಬಳಿ ಇದ್ದೀತು. ಬ್ಯಾಂಕಿನ ಆ ತಂದೆಗೆ ಇಂಥದೊಂದು ಪ್ರಶ್ನೆ ಅಂತರ್ಜಾಲದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮಗಳು ಆ ಪ್ರಶ್ನೆಯನ್ನು ಹೋದ ಏಪ್ರಿಲ್‌ನಲ್ಲೇ ಕೇಳಿದ್ದಾಳೆ. ಪ್ರಾಜೆಕ್ಟ್ ಅಲ್ಲಿದೆ.

‘ಬಿಸಿಲಿಗೆ’ ಎಂದ ನಿಮ್ಮ ಉತ್ತರ ಮುಕ್ಕಾಲು ಪಾಲು ಸರಿ. ಟೊಮೆಟೊದ ಕೆಂಪು ಲೈಕೋಪೀನ್ ಎಂಬ ವರ್ಣದ್ರವ್ಯದ್ದು. ಹಳದಿ, ಕಿತ್ತಳೆ ಬಣ್ಣ ಕೆರೋಟಿನ್‌ನದು. ಕಾಯಿ ಬಲಿತು ದೋರೆಯಾಗುವಾಗ ಹಸಿರು ಕೊಡುವ ಪತ್ರಹರಿತ್ತು ಕರಗುತ್ತದೆ, ಈ ಎರಡೂ ಬಣ್ಣಗಳು ತಯಾರಾಗುತ್ತವೆ. ಸುಮಾರು 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಲೈಕೋಪೀನ್ ಚೆನ್ನಾಗಿ ಕೂಡುತ್ತದೆ. 30 ಡಿಗ್ರಿ ದಾಟಿ ಅಲ್ಲೇ ನಿಂತರೆ ಅದರ ತಯಾರಿ ಕುಗ್ಗುತ್ತದೆ. ಕೆರೋಟಿನ್ ಮಾತ್ರ ಅಷ್ಟಾಗಿ ಸೆಕೆಗೆ ಬಗ್ಗುವುದಿಲ್ಲ. ಹಾಗಾಗಿ ಹಣ್ಣು ಮೆತ್ತಗಾಗುತ್ತದೆ, ಬಣ್ಣ ಮಾತ್ರ ಹಳದಿ-ಕಿತ್ತಳೆಯಲ್ಲಿ ನಿಲ್ಲುತ್ತದೆ. ಎಲೆ ಮುದುಡಿ ಅಥವಾ ರೋಗ ಬಂದು ಉದುರಿ ಹಣ್ಣು ನೇರ ಬಿಸಿಲಿಗೆ ಬಿದ್ದರೆ ಅದರ ಮೈ ಸುತ್ತಲ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಉಳಿದ ಕಾಲು ಪಾಲು ಎಂದೆನಲ್ಲ, ಪೊಟ್ಯಾಷ್ ಕೊರತೆಯಿಂದಲೂ ತೊಟ್ಟಿನ ಸುತ್ತ ಹಳದಿ ಉಳಿಯುತ್ತದೆ. ಹೀಗಾದಾಗ ನಮ್ಮ ಕಡೆ ಮೊದಲು ಬೈಗುಳ ತಿನ್ನುವುದು ಬೀಜದ ಕಂಪನಿ, ಆಮೇಲೆ ಸಸಿ ಕೊಟ್ಟ ನರ್ಸರಿ. ಒಮ್ಮೊಮ್ಮೆ ಅವರ ತಪ್ಪೂ ಇರಬಹುದು. ಆದರೆ ಫೆಬ್ರುವರಿಯಲ್ಲಿ ಕೆಂಪಾದ ತಳಿ ಏಪ್ರಿಲ್‌ನಲ್ಲಿ ಹಳದಿಯಾದರೆ ಬೀಜವನ್ನು ದೂರುವ ಮುನ್ನ ಉಷ್ಣಮಾಪಕ ನೋಡುವುದು ಒಳ್ಳೆಯದು.

ಇದನ್ನೆಲ್ಲ ನೀವು ಮಗಳಿಗೆ ಓದಿ ಹೇಳಬೇಡಿ. ಅವಳೇ ಕಂಡುಕೊಳ್ಳಲಿ. ದಾರಿ ಹೀಗಿರಬಹುದು.

ಒಂದೇ ತಳಿಯ, ಒಂದೇ ಬಿಡಿಸುವಿಕೆಯ, ಹೆಚ್ಚುಕಡಿಮೆ ಒಂದೇ ಗಾತ್ರದ ಮೂವತ್ತು ದೋರೆಗಾಯಿ ಆರಿಸಿಕೊಳ್ಳಿ. ಬುಡದಲ್ಲಿ ನಕ್ಷತ್ರದಂತೆ ನಸುಹಳದಿ ಆಗಷ್ಟೇ ಮೂಡಿರಬೇಕು; ಈ ಆಯ್ಕೆಗೆ ನಿಮ್ಮ ಕಣ್ಣೇ ಬೇಕು. ಪ್ರತಿ ಕಾಯಿಯ ತಳಕ್ಕೆ ಮಗಳು ಮಾರ್ಕರ್ ಪೆನ್ನಿನಿಂದ ಸಂಖ್ಯೆ ಬರೆಯಲಿ. ಹತ್ತು ಹತ್ತಾಗಿ ಮೂರು ರಟ್ಟಿನ ಪೆಟ್ಟಿಗೆಗಳಲ್ಲಿಡಿ. ಮೂರೂ ಪೆಟ್ಟಿಗೆ ಒಂದೇ ಬಗೆಯವು, ಮುಚ್ಚಳ ಹಾಕಿದವು, ಗಾಳಿಯಾಡಲು ಒಂದೇ ಲೆಕ್ಕದ ತೂತುಗಳಿರುವವು ಆಗಿರಲಿ. ಒಂದು ಪೆಟ್ಟಿಗೆ ಮನೆಯ ನಡುಕೋಣೆಯಲ್ಲಿ, ಇನ್ನೊಂದು ತಗಡಿನ ಶೀಟಿನ ಕೊಟ್ಟಿಗೆಯಲ್ಲಿ ಸೂರಿಗೆ ಹತ್ತಿರವಾಗಿ, ಮೂರನೆಯದು ಒದ್ದೆ ಗೋಣಿಚೀಲ ಸುತ್ತಿದ ದೊಡ್ಡ ಮಡಕೆಯೊಳಗೆ. ಪೆಟ್ಟಿಗೆಯ ಹತ್ತಿರ ಬಾಳೆಹಣ್ಣಾಗಲಿ ಆಗಲೇ ಹಣ್ಣಾದ ಟೊಮೆಟೊ ಆಗಲಿ ಇಡಬೇಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಪಕ್ಕದ ಕಾಯಿಗಳನ್ನೂ ಬೇಗ ಹಣ್ಣು ಮಾಡಿಬಿಡುತ್ತದೆ, ಲೆಕ್ಕ ಕೆಡುತ್ತದೆ. ಕೊಳೆತದ್ದನ್ನೂ ಅದೇ ಕಾರಣಕ್ಕೆ ಕೂಡಲೇ ತೆಗೆಯಬೇಕು, ತೆಗೆದದ್ದನ್ನು ಬರೆದಿಡಬೇಕು.

ಉಷ್ಣಮಾಪಕ ಪ್ರಯೋಗಾಲಯದ್ದು ಬೇಕು, ಕೆಂಪು ದ್ರವ ಇರುವಂಥದು. ಜ್ವರ ನೋಡುವುದು ಬಾರದು, ಅದು ಶುರುವಾಗುವುದೇ 35 ಡಿಗ್ರಿಯಿಂದ. ಪಾದರಸದ್ದು ಒಡೆದರೆ ಮನೆಯಲ್ಲಿ ಅಪಾಯ, ಅದನ್ನು ತರಬೇಡಿ. ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಮೂರೂ ಜಾಗದ ಉಷ್ಣತೆ ಬರೆಯಬೇಕು. ಮಧ್ಯಾಹ್ನ ಮಗಳು ಶಾಲೆಯಲ್ಲಿರುತ್ತಾಳೆ, ಆ ಹೊತ್ತಿನದನ್ನು ನೀವೋ ಮನೆಯವರೋ ನೋಡಿ ಬರೆದು ಪಕ್ಕದಲ್ಲಿ ‘ಅಪ್ಪ’ ಅಥವಾ ‘ಅಮ್ಮ’ ಎಂದು ನಮೂದಿಸಿ. ತೀರ್ಪುಗಾರನಿಗೆ ಅಂಥ ನೋಟ್‌ಪುಸ್ತಕ ಕಂಡರೆ ಹಿಗ್ಗು.

ಈಗ ನಿಮ್ಮ ಮುಖ್ಯ ಕೆಲಸ. ಸಂಜೆ ಮಗಳು ಮೂವತ್ತೂ ಕಾಯಿಗಳನ್ನು ಒಂದು ಬಿಳಿ ಬಟ್ಟೆಯ ಮೇಲೆ ಕಲಸಿ ಹರಡಲಿ, ಸಂಖ್ಯೆ ಕೆಳಗೆ ಮುಚ್ಚಿರಲಿ. ಯಾವುದು ಎಲ್ಲಿಂದ ಬಂತೆಂದು ನಿಮಗೆ ತಿಳಿಯಬಾರದು. ನೀವು ಒಂದೊಂದನ್ನೂ ನೋಡಿ ದರ್ಜೆ ಹೇಳಬೇಕು: ಹಸಿರಿಗೆ ಒಂದು, ದೋರೆಗೆ ಎರಡು, ಹಳದಿಗೆ ಮೂರು, ಕಿತ್ತಳೆಗೆ ನಾಲ್ಕು, ನಸುಗೆಂಪಿಗೆ ಐದು, ಪೂರ್ತಿ ಕೆಂಪಿಗೆ ಆರು. ಆಮೇಲೆ ಅವಳು ತಿರುಗಿಸಿ ಸಂಖ್ಯೆ ನೋಡಿ ಬರೆದುಕೊಳ್ಳುತ್ತಾಳೆ. ಔಷಧಗಳ ಪರೀಕ್ಷೆಯಲ್ಲೂ ಇದೇ ಉಪಾಯ ಬಳಸುತ್ತಾರೆ. ‘ಶೀಟಿನ ಕೆಳಗಿನದು ಹಳದಿಯೇ ಇರಬೇಕು’ ಎಂಬ ನಂಬಿಕೆ ಮನಸ್ಸಿನಲ್ಲಿದ್ದರೆ ಕಣ್ಣಿಗೆ ಹಳದಿಯೇ ಕಾಣುತ್ತದೆ, ಆ ಪಕ್ಷಪಾತ ನುಸುಳಬಾರದು. ಮಾರುಕಟ್ಟೆಯಲ್ಲಿ ಒಂದು ನೋಟಕ್ಕೆ ಬಾಕ್ಸಿನ ದರ್ಜೆ ಹೇಳುವ ಕಣ್ಣು ನಿಮ್ಮದು. ಶಾಲೆಯ ಯಾವ ಉಪಕರಣಕ್ಕೂ ಅದು ಕಡಿಮೆಯಲ್ಲ. ಹತ್ತು-ಹನ್ನೆರಡು ಸಂಜೆ ಹೀಗೆ ಮಾಡಿದರೆ ಸಾಕು. ಹತ್ತು ಹಣ್ಣಿನ ಸರಾಸರಿ ದರ್ಜೆ ತೆಗೆದು, ದಿನ ಕಳೆದಂತೆ ಮೂರು ಗೆರೆ ಎಳೆಯುವುದು ಎಂಟನೇ ತರಗತಿಯ ಗಣಿತಕ್ಕೆ ಭಾರವಲ್ಲ.

ಒಂದು ಎಚ್ಚರಿಕೆ. ಒದ್ದೆ ಚೀಲದ ಮಡಕೆಯಲ್ಲಿ ತಂಪಿನ ಜೊತೆಗೆ ತೇವವೂ ಹೆಚ್ಚು. ಅಲ್ಲಿನ ಹಣ್ಣು ಸುಕ್ಕಾಗದೆ ಉಳಿದರೆ ಅದು ತಂಪಿನಿಂದಲೋ ತೇವದಿಂದಲೋ ಹೇಳಲಾಗುವುದಿಲ್ಲ. ಆದ್ದರಿಂದ ಮಗಳು ಬಣ್ಣದ ಬಗ್ಗೆ ಮಾತ್ರ ಮಾತನಾಡಲಿ. ‘ಇದನ್ನು ನನ್ನ ಪ್ರಯೋಗ ಹೇಳಲಾರದು’ ಎಂದು ಹದಿಮೂರರ ಹುಡುಗಿ ಒಬ್ಬಳು ಹೇಳಿದರೆ ನಾನು ಪೂರ್ತಿ ಅಂಕ ಕೊಟ್ಟು ಮುಂದಿನ ಮೇಜಿಗೆ ಹೋಗುತ್ತೇನೆ.

ನೀವೆಣಿಸಿದಂತೆ ಆಗದೆಯೂ ಇರಬಹುದು. ಫೆಬ್ರುವರಿಯಲ್ಲಿ ಶೀಟಿನ ಕೊಟ್ಟಿಗೆ ಮಧ್ಯಾಹ್ನ ಕಾದರೂ ರಾತ್ರಿ ನಮ್ಮ ಕಡೆ ಚೆನ್ನಾಗಿ ತಣಿಯುತ್ತದೆ. ದಿನದಲ್ಲಿ ಕೆಲವೇ ಗಂಟೆ ಸೆಕೆ ತಿಂದ ಹಣ್ಣು ರಾತ್ರಿ ಚೇತರಿಸಿಕೊಂಡು ಕೆಂಪಾಗಿಯೇ ಬಿಡಬಹುದು. ಆಗ ಅಂಕಿಗಳನ್ನು ತಿದ್ದುವ ಆಸೆ ನಿಮಗೇ ಮೊದಲು ಬರುತ್ತದೆ, ತಡೆದುಕೊಳ್ಳಿ. ‘ಶೀಟಿನ ಕೆಳಗೆ ಮಧ್ಯಾಹ್ನ ಇಷ್ಟು, ರಾತ್ರಿ ಇಷ್ಟು ಡಿಗ್ರಿ ಇತ್ತು, ಹಣ್ಣು ಕೆಂಪಾಯಿತು, ಏಪ್ರಿಲ್‌ನಲ್ಲಿ ರಾತ್ರಿಯೂ ಸೆಕೆ ಇರುವುದರಿಂದ ಆಗ ಮತ್ತೆ ಮಾಡಿ ನೋಡುತ್ತೇನೆ’ ಎಂದು ಬರೆದರೆ ಅದೇ ಫಲಿತಾಂಶ. ಪ್ರಯೋಗವೆಂದರೆ ಪುಸ್ತಕದಲ್ಲಿ ಬರೆದದ್ದೇ ಬರಬೇಕು ಎಂಬ ಭಯವನ್ನು ಮಕ್ಕಳಲ್ಲಿ ಬಿತ್ತಿದವರು ನಾವು ಶಿಕ್ಷಕರೇ. ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಇಡೀ ತರಗತಿಗೆ ಒಂದೇ ಉತ್ತರ ಬರೆಸುತ್ತೇವಲ್ಲ!

ತೋಟದಲ್ಲಿ ಈಗ ದೋರೆಗಾಯಿ ಇಲ್ಲದಿದ್ದರೆ ಇನ್ನೊಂದು ದಾರಿಯಿದೆ. ಟೊಮೆಟೊ ಸಿಪ್ಪೆಯಲ್ಲಿ ಎಲೆಯಲ್ಲಿರುವಂತೆ ಪತ್ರರಂಧ್ರಗಳಿಲ್ಲ. ಹಣ್ಣಿನ ನೀರು ಹೆಚ್ಚಾಗಿ ಆರುವುದು ತೊಟ್ಟು ಕಿತ್ತ ಜಾಗದಿಂದ. ಹತ್ತು ಹಣ್ಣುಗಳ ಆ ಜಾಗಕ್ಕೆ ಮೇಣ ಮುಚ್ಚಿ, ಹತ್ತನ್ನು ಹಾಗೇ ಬಿಟ್ಟು, ವಾರವಿಡೀ ತೂಕ ನೋಡಬಹುದು. ಆದರೆ ಗ್ರಾಮಿನ ಭಾಗವನ್ನೂ ತೋರಿಸುವ ತಕ್ಕಡಿ ಬೇಕು. ಶಾಲೆಯಲ್ಲೋ ಪರಿಚಯದ ಅಕ್ಕಸಾಲಿಗರ ಅಂಗಡಿಯಲ್ಲೋ ಕೇಳಬೇಕಾಗುತ್ತದೆ. ಬಿಸಿ ಮೇಣ ಹಾಕುವ ಕೆಲಸ ನಿಮ್ಮದೇ ಆಗಿರಲಿ.

ಅಪಾಯಗಳ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಔಷಧಿ ಹೊಡೆದ ಮೇಲೆ ಡಬ್ಬಿಯ ಮೇಲೆ ಹೇಳಿರುವಷ್ಟು ದಿನ ಕಳೆದ ಕಾಯಿಯನ್ನೇ ತನ್ನಿ, ತೊಳೆದು ಒರೆಸಿ ಇಡಿ, ಮುಟ್ಟಿದ ಮೇಲೆ ಮಗಳು ಸೋಪು ಹಾಕಿ ಕೈ ತೊಳೆಯಲಿ. ಖಾಲಿಯಾದ ಔಷಧಿ ಡಬ್ಬಿಯನ್ನು ಯಾವ ಮಾದರಿಗೂ ಬಳಸಬೇಡಿ. ಶೀಟಿನ ಕೆಳಗೆ ಸಾಕಷ್ಟು ಕಾಯಲಿಲ್ಲವೆಂದು ರಟ್ಟಿನ ಪೆಟ್ಟಿಗೆಯೊಳಗೆ ಬಲ್ಬು ಉರಿಸಲು ಹೋಗಬೇಡಿ, ಬೆಂಕಿ ಹತ್ತುತ್ತದೆ. ಹಣ್ಣು ಮಾಡುವ ಪ್ರಯೋಗ ಎಂದು ಮೊಬೈಲಿನಲ್ಲಿ ಹುಡುಕಿದರೆ ಕ್ಯಾಲ್ಸಿಯಂ ಕಾರ್ಬೈಡ್ ಎದುರಾಗುತ್ತದೆ. ಅದನ್ನು ಮನೆಗೆ ತರಲೇಬೇಡಿ. ನೀರು ತಾಗಿದರೆ ಹೊತ್ತಿಕೊಳ್ಳುವ ಅಸಿಟಲೀನ್ ಬಿಡುತ್ತದೆ. ಮಾರುಕಟ್ಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಕಲಬೆರಕೆ ಇರುತ್ತದೆ. ಅದರಿಂದ ಮಾಗಿಸಿದ ಹಣ್ಣು ಮಾರುವುದನ್ನು ಆಹಾರ ಸುರಕ್ಷತೆಯ 2011ರ ನಿಯಮಗಳು ನಿಷೇಧಿಸಿವೆ.

ರಾತ್ರಿ ನಿದ್ದೆಗೆಟ್ಟು ಮಾಡಿದ ಥರ್ಮಾಕೋಲ್ ಮನೆಯನ್ನು ಎಸೆಯಬೇಕೇ ಎಂದು ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಎಸೆಯಬೇಡಿ. ಟೊಮೆಟೊ ಆಗದಿದ್ದರೆ ಅದಕ್ಕೂ ಜೀವ ತುಂಬಬಹುದು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಟೇಪು ಹಿಡಿದು ಮಗಳ ಜೊತೆ ನಿಮ್ಮ ನಿಜವಾದ ಮನೆಯ ಉದ್ದಗಲ ಅಳೆಯಿರಿ. ಏಣಿ ಹತ್ತಬೇಕಿಲ್ಲ, ಗೋಡೆಯ ಹೊರಗಿನಿಂದ ಅಳೆದು ಸೂರಿನ ಚಾಚು ಸೇರಿಸಿದರೆ ಆಯಿತು. ನೂರು ಚದರ ಮೀಟರ್ ಇದ್ದರೆ, ಕೋಲಾರದ ವರ್ಷದ ಮಳೆ ಸುಮಾರು 700 ಮಿಲಿಮೀಟರ್ ಎಂದಿಟ್ಟುಕೊಂಡರೆ, ಬೀಳುವುದು 70,000 ಲೀಟರ್. ಆರಿ, ಚೆಲ್ಲಿ ಹೋಗುವುದನ್ನು ಕಳೆದು ನೂರಕ್ಕೆ ಎಂಬತ್ತು ಪಾಲು ಹಿಡಿದರೂ 56,000 ಲೀಟರ್. ನಿಮ್ಮ ಮನೆಗೆ ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕು ಎಂದು ಅವಳೇ ಎಣಿಸಿ ಭಾಗಿಸಲಿ. ‘ಮನೆ ಅಂಟಿಸಿದ್ದು ಅಪ್ಪ, ಅಳತೆ ಮತ್ತು ಲೆಕ್ಕ ನನ್ನದು’ ಎಂದು ಫಲಕದ ಮೇಲೆ ಬರೆಯಲಿ. ಇದು ಟೊಮೆಟೊದಷ್ಟು ಹೊಸದಲ್ಲ, ಪಕ್ಕದ ಮೇಜಿನಲ್ಲೂ ಇಂಥದೇ ಮನೆ ಇದ್ದೀತು. ಆದರೆ ಅವಳ ಲೆಕ್ಕ ಅವಳದೇ. ವಾರಕ್ಕಿಂತ ಕಡಿಮೆ ಸಮಯ ಉಳಿದವರಿಗೆ ನಾನು ಹೇಳುವುದೂ ಇದನ್ನೇ.

ಅಂಗಡಿಯ ಮಾದರಿ ಕೊಂಡರೆ ಹಣ ಹೋಗುತ್ತದೆ, ಅವಳ ಪ್ರಶ್ನೆ ಹಾಗೇ ಉಳಿಯುತ್ತದೆ. ‘ನೀನೇ ಮಾಡಿಕೋ’ ಎಂದು ಪೂರ್ತಿ ಕೈಬಿಡುವುದೂ ಸರಿಯಲ್ಲ. ಸ್ವಾವಲಂಬನೆ ಎಂದು ಕೆಲವು ಪೋಷಕರು ಹಾಗೆ ಮಾಡುತ್ತಾರೆ. ಮಗು ಮೊಬೈಲಿನ ಮೊದಲ ವಿಡಿಯೊ ನೋಡಿ ಅದನ್ನೇ ನಕಲು ಮಾಡುತ್ತದೆ, ಇಲ್ಲವೇ 230 ವೋಲ್ಟಿನ ಪ್ಲಗ್ಗಿಗೆ ಕೈ ಹಾಕುತ್ತದೆ.

ಶಾಲೆಯ ಶಿಕ್ಷಕಿಯನ್ನು ಈ ವಾರವೇ ಒಮ್ಮೆ ಕಾಣಿರಿ. ‘ಮಾದರಿಯ ಬದಲು ಪ್ರಯೋಗ ತರುತ್ತಾಳೆ, ನೋಟ್‌ಪುಸ್ತಕ ಮತ್ತು ಹಣ್ಣು ಮೇಜಿನ ಮೇಲಿರುತ್ತವೆ, ಒಪ್ಪುತ್ತೀರಾ?’ ಎಂದು ನೇರವಾಗಿ ಕೇಳಿ. ಬಹಳಷ್ಟು ಶಿಕ್ಷಕಿಯರು ಸಂತೋಷದಿಂದ ಒಪ್ಪುತ್ತಾರೆ, ಉಷ್ಣಮಾಪಕವನ್ನೂ ಎರವಲು ಕೊಡುತ್ತಾರೆ. ಒಪ್ಪದಿದ್ದರೆ ಥರ್ಮಾಕೋಲ್ ಮನೆ ಇದ್ದೇ ಇದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಬಗ್ಗೆಯೂ ಅವರನ್ನೇ ವಿಚಾರಿಸಿ. 1993ರಿಂದ ನಡೆಯುತ್ತಿರುವ ಈ ಸಮಾವೇಶದಲ್ಲಿ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಹಿಡಿದು ಅಧ್ಯಯನ ಮಾಡುತ್ತಾರೆ, ದಿನಚರಿ ಪುಸ್ತಕವನ್ನು ಅಲ್ಲಿ ಕೇಳಿಯೇ ಕೇಳುತ್ತಾರೆ.

ಭಾಷೆಯ ಬಗ್ಗೆ ಒಂದು ಮಾತು. ಅವಳು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಲು ಶುರುಮಾಡುವ ಮುನ್ನ ಮನೆಯ ಮಾತಿನಲ್ಲಿ, ಅದು ಕನ್ನಡವೋ ತೆಲುಗೋ, ಅಜ್ಜಿಗೆ ಒಮ್ಮೆ ವಿವರಿಸಲಿ. ಅಜ್ಜಿ ನಡುವೆ ತಡೆದು ಕೇಳಿದರೆ ಆ ಜಾಗದಲ್ಲಿ ಅವಳಿಗೇ ಸರಿಯಾಗಿ ಗೊತ್ತಿಲ್ಲ ಎಂದರ್ಥ. ಉತ್ತರ ಮನೆಯಲ್ಲಿ ಯಾರಿಗೂ ತಿಳಿಯದಿದ್ದರೆ ಕೋಲಾರದ ತಮಕದಲ್ಲಿ ತೋಟಗಾರಿಕೆ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರ ಇವೆ. ಮಗಳನ್ನು ಕರೆದುಕೊಂಡು ಹೋಗಿ, ಪ್ರಶ್ನೆಯನ್ನು ಅವಳೇ ಕೇಳಲಿ, ನೀವು ಹಿಂದೆ ನಿಂತಿರಿ.

ಮೂರು ವಾರ ಎಂದಿದ್ದೀರಿ. ಹನ್ನೆರಡು ದಿನ ವೀಕ್ಷಣೆಗೆ, ಎರಡು ದಿನ ಗೆರೆ ಎಳೆಯಲು, ಒಂದು ದಿನ ಫಲಕ ಬರೆಯಲು ಬೇಕು. ಬರುವ ಭಾನುವಾರ ಬೆಳಗ್ಗೆಯೇ ಕಾಯಿ ಬಿಡಿಸಿದರೆ ಒಂದೆರಡು ದಿನ ಕೈಯಲ್ಲಿ ಉಳಿಯುತ್ತದೆ. ಪೆಟ್ಟಿಗೆಗಳನ್ನು ಶನಿವಾರವೇ ಹೊಂದಿಸಿಡಿ.